ಯಾವ ಮುಖದ ಸೈಟು?

ಮೈಸೂರಿನಲ್ಲಿ ನನ್ನ ಬಳಿ ಆಪ್ತಸಲಹೆಗೆ ಬರುವ ಕುಟುಂಬಗಳ ಪೈಕಿ ಸೈಟಿನ ವಿಷಯವನ್ನೇ ಮುಂದಿಟ್ಟುಕೊಂಡು ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಇವರು ಹಣ ಸಾಲದೆ ಬರುವವರಲ್ಲ. ಹಣ ಕೈಯಲ್ಲಿದೆ, ಬಡಾವಣೆ ಗೊತ್ತಾಗಿದೆ. ಉಳಿದಿರುವ ಎರಡು ನಂಬರುಗಳಲ್ಲಿ ಯಾವುದನ್ನು ಹಿಡಿಯುವುದೆಂದು ತೀರ್ಮಾನಿಸಲಾರದೆ ತಿಂಗಳುಗಟ್ಟಲೆ ನಿದ್ದೆಗೆಟ್ಟು, ಮನೆಯೊಳಗೆ ಮಾತು ನಿಂತು, ಆಮೇಲೆ ಬರುತ್ತಾರೆ. ಅಂಥ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಕುಟುಂಬದವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಹೆಸರುಗಳ ಬದಲು ಮಗ, ಸೊಸೆ, ತಾಯಿ ಎಂದೇ ಕರೆಯುತ್ತೇನೆ.

ಮಗನಿಗೆ ನಲವತ್ತರ ಹತ್ತಿರದ ವಯಸ್ಸು, ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಸೊಸೆ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿದ್ದ ತಾಯಿ, ಗಂಡ ತೀರಿಕೊಂಡ ಮೇಲೆ ಇವರ ಬಾಡಿಗೆ ಮನೆಗೆ ಬಂದು ಎರಡು ವರ್ಷವಾಗಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ 28 ಗುಂಟೆ ಗದ್ದೆ ಆಕೆಗೆ ತವರಿನಿಂದ ಅರಿಶಿನ ಕುಂಕುಮಕ್ಕೆಂದು ಬಂದಿತ್ತು. ಅದನ್ನು ಮಾರಿದ ಹಣದಲ್ಲಿ ರಿಂಗ್ ರಸ್ತೆಯಾಚೆ, ಬೋಗಾದಿಯಿಂದ ಗದ್ದಿಗೆ ಕಡೆಗೆ ಹೋಗುವ ದಾರಿಯ ಹೊಸ ಬಡಾವಣೆಯೊಂದರಲ್ಲಿ 30×40 ಅಳತೆಯ ಸೈಟು ಕೊಳ್ಳುವುದೆಂದು ಗೊತ್ತಾಗಿತ್ತು.

ಸೈಟುಗಳು ಎರಡು. 61ನೇ ನಂಬರು ಮೂಲೆ ಸೈಟು, ಪೂರ್ವಕ್ಕೆ ಮುಖ, ಬಡಾವಣೆಯ ಕಮಾನಿಗೆ ಹತ್ತಿರ. ಅದಕ್ಕೆ ಚದರಡಿಗೆ 200 ರೂಪಾಯಿ ಹೆಚ್ಚು, ಅಂದರೆ ಒಟ್ಟು 2 ಲಕ್ಷ 40 ಸಾವಿರ. 112ನೇ ನಂಬರು ಒಳಗಿನ ಅಡ್ಡರಸ್ತೆಯದು, ಉತ್ತರಕ್ಕೆ ಮುಖ, ಎದುರಿಗೆ ಪಾರ್ಕಿಗೆಂದು ಬಿಟ್ಟ ಜಾಗ. ಮಗ ವಾಸ್ತು ನೋಡುವ ಮೂವರನ್ನು ಕೇಳಿದ್ದರು. ಇಬ್ಬರು ಮೂಲೆಯದೇ ಒಳ್ಳೆಯದೆಂದರೆ, ಮೂರನೆಯವರು ಮೂಲೆಗೆ ಎದುರಾಗಿ ಬಂದು ಸೇರುವ ರಸ್ತೆಯಿಂದ ಕೇಡೆಂದಿದ್ದರು. ಎರಡು ಬಾರಿ ಟೋಕನ್ ಹಣ ಕೊಟ್ಟು ವಾಪಸು ಪಡೆದಿದ್ದರು. ಅವರು ನನ್ನ ಮೇಜಿನ ಮೇಲೆ ಬಿಡಿಸಿಟ್ಟ ಬಡಾವಣೆಯ ನಕ್ಷೆ ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಸವೆದುಹೋಗಿತ್ತು. ಎರಡು ಮಡಿಕೆಗಳು ಕೂಡುವಲ್ಲಿ ಬಿದ್ದಿದ್ದ ತೂತಿನಲ್ಲಿ 61ನೇ ನಂಬರಿನ ಅರ್ಧ ಮಾಯವಾಗಿತ್ತು.

ಮೊದಲ ಮೂರು ಭೇಟಿಗಳಲ್ಲಿ ನಾನು ಅಂಥ ಹೆಚ್ಚಿನದೇನನ್ನೂ ಮಾಡಲಿಲ್ಲ. ಆತಂಕಕ್ಕೆ ಮಾಡಬೇಕಾದದ್ದನ್ನು ಮಾಡಿದೆ, ನಿದ್ದೆಯ ಬಗ್ಗೆ ಹೇಳಬೇಕಾದದ್ದನ್ನು ಹೇಳಿದೆ, ಎರಡೂ ಸೈಟುಗಳ ಒಳಿತು ಕೆಡುಕುಗಳನ್ನು ಗಂಡ ಹೆಂಡತಿ ಬೇರೆ ಬೇರೆಯಾಗಿ ಬರೆದು ತರುವಂತೆ ತಿಳಿಸಿದೆ. ಸೊಸೆ ಅರ್ಧ ಪುಟ ಬರೆದಿದ್ದರು: 112 ಸಾಕು, ಉಳಿಯುವ ಹಣ ಬೋರ್‌ವೆಲ್‌ಗೆ ಆಗುತ್ತದೆ. ಮಗ ಹನ್ನೊಂದು ಪುಟ ಬರೆದಿದ್ದರು. ಹನ್ನೊಂದೂ ಪುಟಗಳಲ್ಲಿ ಒಂದೇ ಭಯವಿತ್ತು: ತಪ್ಪು ಸೈಟು ಹಿಡಿದರೆ ಮತ್ತೆ ಸರಿಪಡಿಸಲು ತನ್ನ ಬಳಿ ಏನೂ ಉಳಿದಿರುವುದಿಲ್ಲ.

ಇಂಥ ಆಯ್ಕೆ ನಮ್ಮಲ್ಲಿ ಹೊಸದು ಎಂಬುದನ್ನೂ ಮರೆಯಬಾರದು. ಮೈಸೂರಿನಲ್ಲಿ ನಗರ ಸುಧಾರಣಾ ಮಂಡಳಿ 1903ರಷ್ಟು ಹಿಂದೆಯೇ ಬಂದಿತು. ಆ ಮಂಡಳಿಯ ಕಾಲದಲ್ಲೂ, ಆಮೇಲೆ ಅದರ ಜಾಗಕ್ಕೆ ಬಂದ ನಗರಾಭಿವೃದ್ಧಿ ಪ್ರಾಧಿಕಾರದ ಕಾಲದಲ್ಲೂ ಕುವೆಂಪುನಗರ, ವಿಜಯನಗರದ ಕಡೆ ಮನೆ ಕಟ್ಟಿಕೊಂಡ ಹಿರಿಯರಲ್ಲಿ ಬಹಳಷ್ಟು ಮಂದಿ ಅರ್ಜಿ ಹಾಕಿ, ಠೇವಣಿ ಕಟ್ಟಿ, ವರ್ಷಗಟ್ಟಲೆ ಕಾದು, ಮಂಜೂರಾದ ನಂಬರನ್ನು ಹಾಗೆಯೇ ಒಪ್ಪಿಕೊಂಡವರು. ಮುಖ ಯಾವ ದಿಕ್ಕಿಗಿದ್ದರೂ ಅದೇ ತಮ್ಮ ಸೈಟು. ಇಂದಿನವರು ನಕ್ಷೆಯ ಮುಂದೆ ಕೂತು ತಾವೇ ಬೆರಳಿಡಬೇಕು, ಮುಂದೆ ಏನೇ ಆದರೂ ಆ ಬೆರಳಿಟ್ಟವರೇ ಹೊಣೆ. ಇದರ ಭಾರ ಸಣ್ಣದಲ್ಲ, ಮತ್ತು ಅದನ್ನು ಹೊರಲಾರದೆ ಬರುವವರನ್ನು ಹೇಡಿಗಳೆಂದು ನಾನು ಎಂದೂ ತಿಳಿದಿಲ್ಲ.

ನಾಲ್ಕನೆಯ ಭೇಟಿಗೆ ತಾಯಿಯನ್ನೂ ಕರೆತರಲು ಹೇಳಿದೆ. ಮಗನಿಗೆ ಅದು ಇಷ್ಟವಿರಲಿಲ್ಲ. ಅವ್ವನಿಗೆ ಇದೆಲ್ಲ ತಿಳಿಯುವುದಿಲ್ಲ, ಅವರನ್ನು ಯಾಕೆ ಎಳೆಯುವುದು ಎಂದರು. ತಾಯಿ ಬಂದರು. ಕುರ್ಚಿಯ ಅಂಚಿನಲ್ಲಿ ಕೂತು, ಸೆರಗನ್ನು ಮೊಣಕಾಲಿನ ಮೇಲೆ ಎಳೆದುಕೊಂಡು, ಅರ್ಧ ಗಂಟೆ ಸುಮ್ಮನಿದ್ದರು. ಮಗ ಎಂದಿನಂತೆ ನಕ್ಷೆ ಬಿಡಿಸಿ, ಪೂರ್ವದ ಮುಖದವು ಮುಂದೆ ಮಾರಲು ಸುಲಭ, ಉತ್ತರದ ಮುಖಕ್ಕೆ ಬೆಲೆ ಅಷ್ಟು ಬರುವುದಿಲ್ಲ, ಆಷಾಢ ಹಿಡಿಯುವುದರೊಳಗೆ ಟೋಕನ್ ಕೊಡದಿದ್ದರೆ ಎರಡೂ ಕೈ ತಪ್ಪುತ್ತವೆಂದು ಏಜೆಂಟ್ ಹೇಳಿದ್ದಾನೆ ಎಂದೆಲ್ಲ ವಿವರಿಸುತ್ತಿದ್ದರು. ಅಮ್ಮ, ನಿಮಗೇನನ್ನಿಸುತ್ತದೆ ಎಂದು ನಾನು ಕೇಳಿದೆ. ಆಕೆ ಮಗನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ ಹೇಳಿದರು:

"ಮೂಡ್ಲು ಮುಖ, ಬಡಗ್ಲು ಮುಖ ಅಂತ ನಾಕ್ ತಿಂಗ್ಳಿಂದ ಬಡ್ಕೋತಾವ್ನೆ ಕಣ್ತಾಯಿ. ನನ್ ಗದ್ದೆ ಬರ್ದ್‌ಕೊಟ್ ದಿವ್ಸ ನನ್ ಮುಖವ ಒಬ್ರಾರ ನೋಡುದ್ರಾ? ಆ ಫೋಟೋ ಇಡಿಯೋ ಐದ ಒಬ್ನೇ, 'ಇಲ್ ನೋಡವ್ವ' ಅಂದದ್ದು."

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಬರೆದುಕೊಡುವವರ ಭಾವಚಿತ್ರ ತೆಗೆದು, ಹೆಬ್ಬೆಟ್ಟಿನ ಗುರುತು ಪಡೆಯುತ್ತಾರಲ್ಲ, ಆ ಹುಡುಗನ ಮಾತದು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಕೆಯೇ ಮುಂದುವರಿಸಿದರು. ಮಾರಿದ್ದು ತಪ್ಪೆಂದು ಆಕೆ ಹೇಳಲಿಲ್ಲ. ಇಪ್ಪತ್ತೆಂಟು ಗುಂಟೆ ಕೊಟ್ಟು ಒಂದು ಗುಂಟೆ ತೆಗೆದುಕೊಳ್ಳುತ್ತಿದ್ದಾರೆ, ತೆಗೆದುಕೊಳ್ಳಲಿ, ಬೇಡವೆನ್ನುವುದಿಲ್ಲ, ಆದರೆ ಕೊನೆಯ ಕೊಯ್ಲಾದ ಮೇಲೆ ಒಂದು ಸಲ ಗದ್ದೆಗೆ ಹೋಗಿಬರುತ್ತೇನೆಂದರೆ ಯಾರೂ ಕರೆದುಕೊಂಡು ಹೋಗಲಿಲ್ಲ ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಗುಂಟೆಯೆಂದರೆ 1089 ಚದರಡಿ, 30×40 ಸೈಟೆಂದರೆ 1200. ಹನ್ನೊಂದು ಪುಟ ಬರೆದ ಮಗನಿಗೆ ಈ ಒಂದು ಲೆಕ್ಕ ಹೊಳೆದಿರಲಿಲ್ಲ, ಅಥವಾ ಹೊಳೆದದ್ದನ್ನು ಬರೆಯಲು ಕೈ ಬಂದಿರಲಿಲ್ಲ. ಅವರು ನಕ್ಷೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಬಹಳ ಹೊತ್ತು ನೆಲ ನೋಡುತ್ತಿದ್ದು, "ಯಾವ ಸೈಟು ತಗೊಂಡ್ರೂ ಅವ್ವನ ಗದ್ದೆಗೆ ಸಮ ಆಗಲ್ಲ ಮೇಡಂ" ಎಂದರು. ನಾಲ್ಕು ತಿಂಗಳು ಅವರು ಹುಡುಕುತ್ತಿದ್ದದ್ದು ಆ ಸಮವನ್ನು. ಅದು 61ರಲ್ಲೂ ಇರಲಿಲ್ಲ, 112ರಲ್ಲೂ ಇರಲಿಲ್ಲ.

ಹೆಚ್ಚು ಕಡಿಮೆ ಒಂದೇ ತೂಕದ ಎರಡು ವಸ್ತುಗಳ ನಡುವೆ ಮನುಷ್ಯ ತಿಂಗಳುಗಟ್ಟಲೆ ಒದ್ದಾಡುತ್ತಿದ್ದರೆ, ಒದ್ದಾಟದ ಕಾರಣ ಆ ವಸ್ತುಗಳಲ್ಲಿ ಇರುವುದಿಲ್ಲವೆಂದು ನನ್ನ ಅನುಭವ ಹೇಳುತ್ತದೆ. ಆ ಹಣ ಯಾರ ಕೈಯಿಂದ ಬಂತು, ಕೊಟ್ಟವರನ್ನು ಕೇಳಿ ಪಡೆದದ್ದೋ ಕೇಳದೆ ಪಡೆದದ್ದೋ ಎಂಬಲ್ಲಿ ಹುಡುಕಬೇಕು. ಮೊದಲ ಭೇಟಿಯಲ್ಲೇ ನಾನು ಕೇಳಬೇಕಾಗಿದ್ದ ಪ್ರಶ್ನೆಯಿದು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೂರು ವಾರ ಯಾರಿಗೂ ಟೋಕನ್ ಕೊಡಬಾರದು, ಮೂರನೆಯ ಸೈಟನ್ನು ನೋಡಬಾರದು. ಆಷಾಢದ ಗಡುವು ಏಜೆಂಟನದು, ನಿಮ್ಮದಲ್ಲ. ಮಗ ತಾಯಿಯನ್ನು ಕರೆದುಕೊಂಡು ಗದ್ದೆಯ ಬದುವಿಗೆ ಹೋಗಿಬರಬೇಕು. ಈಗಿನ ಒಡೆಯರನ್ನು ಕೇಳಿ ಹೋಗಬೇಕು, ಕ್ಷಮೆ ಕೇಳುವ ಆತುರ ಬೇಡ, ಆಕೆ ಹೇಳಿದ್ದನ್ನು ಕೇಳಿಸಿಕೊಂಡರೆ ಸಾಕು. ಒಂದು ಮಳೆಯಾದ ಮೇಲೆ ಮೂವರೂ ಸೇರಿ ಎರಡು ಸೈಟುಗಳನ್ನೂ ನಡೆದು ನೋಡಬೇಕು. ಕಾಗದಪತ್ರಗಳನ್ನು ನೋಡುವುದು ನನ್ನ ಕೆಲಸವಲ್ಲವಾದ್ದರಿಂದ ವಕೀಲರ ಬಳಿಗೆ ಕಳುಹಿಸಿದೆ: ಭೂಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ, ಮೂಲಪತ್ರ, ಋಣಭಾರ ಪ್ರಮಾಣಪತ್ರ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಇವೆಲ್ಲ ಸರಿಯಿಲ್ಲದಿದ್ದರೆ ಯಾವ ಮುಖದ ಸೈಟಾದರೂ ಒಂದೇ. ನೋಂದಾಯಿತ ಕರಾರುಪತ್ರವಾಗದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲವೆಂದು 2016ರ ರೇರಾ ಕಾಯ್ದೆ ಹೇಳುತ್ತದೆ ಎಂಬುದು ಇವರಿಗೆ ಗೊತ್ತೇ ಇರಲಿಲ್ಲ. ಕೊನೆಯದಾಗಿ, ಕ್ರಯಪತ್ರದಲ್ಲಿ ತಾಯಿಯ ಹೆಸರೂ ಇರಬೇಕೆಂದೆ.

ಈ ಕೊನೆಯ ಮಾತಿಗೆ ನನ್ನ ವೃತ್ತಿಯವರಿಂದಲೇ ಆಕ್ಷೇಪ ಬಂತು. ಆಪ್ತಸಲಹೆಗಾರರು ದಾರಿ ಕಾಣುವಂತೆ ಮಾಡಬೇಕೇ ಹೊರತು ಇದನ್ನು ಮಾಡಿ ಎನ್ನಬಾರದು, ಆಸ್ತಿಯ ವಿಷಯದಲ್ಲಂತೂ ಬಾಯಿ ಹಾಕಲೇಬಾರದು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಆ ಎಚ್ಚರಿಕೆ ಸಾಮಾನ್ಯವಾಗಿ ಸರಿ. ಆದರೆ ತನ್ನ ಸ್ವಂತ ಆಸ್ತಿಯನ್ನು ಕರಗಿಸಿಕೊಟ್ಟ ವಿಧವೆಯೊಬ್ಬಳು, ಆ ಹಣದಲ್ಲಿ ಬಂದ ಸೈಟಿನ ಕಾಗದದಲ್ಲಿ ಎಲ್ಲಿಯೂ ಇಲ್ಲದೆ ಮಗನ ಮನೆಯ ಒಂದು ಕೋಣೆಯಲ್ಲಿ ಉಳಿಯುವುದನ್ನು ನೋಡುತ್ತ ನಾನು ತಟಸ್ಥಳಾಗಿದ್ದರೆ, ಆ ತಾಟಸ್ಥ್ಯವೂ ಒಂದು ಪಕ್ಷವೇ ಆಗುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಹೆಣ್ಣಿನ ಆಸ್ತಿಗೆ ಆಕೆಯನ್ನೇ ಪೂರ್ಣ ಒಡತಿಯೆಂದಿತು. ನಮ್ಮ ಮನೆಗಳಲ್ಲಿ ಅದು ಹೆಬ್ಬೆಟ್ಟು ಒತ್ತಿಸುವ ದಿನ ಮಾತ್ರ ನೆನಪಾಗುತ್ತದೆ. ಮಗ ಎತ್ತಿದ ತೊಡಕು ನಿಜವಾದದ್ದು: ಜಂಟಿ ಒಡೆತನವಿದ್ದರೆ ಬ್ಯಾಂಕಿನವರು ಸಾಮಾನ್ಯವಾಗಿ ಒಡೆಯರೆಲ್ಲರನ್ನೂ ಸಾಲದಲ್ಲಿ ಸೇರಿಸಿಕೊಳ್ಳಲು ಹೇಳುತ್ತಾರೆ, ತಾಯಿಯ ವಯಸ್ಸು ಗೃಹಸಾಲಕ್ಕೆ ಅಡ್ಡಿಯಾಗಬಹುದು. ಅದನ್ನು ವಕೀಲರೊಂದಿಗೂ ಬ್ಯಾಂಕಿನವರೊಂದಿಗೂ ಕೂತು ಬಗೆಹರಿಸಿಕೊಳ್ಳಿ, ಆದರೆ ಆ ಕಾರಣ ಹೇಳಿ ಮಾತನ್ನೇ ಕೈಬಿಡಬೇಡಿ ಎಂದೆ. ಸೊಸೆ ಅಲ್ಲಿಯವರೆಗೆ ಹೆಚ್ಚು ಮಾತಾಡಿರಲಿಲ್ಲ. "ಅತ್ತೆ ಹೆಸರು ಮೊದಲು ಬರಲಿ. ಮನೆ ಕಟ್ಟೋ ಸಾಲ ತೀರಿಸೋದ್ರಲ್ಲಿ ನನ್ನ ಸಂಬಳವೂ ಇರುತ್ತೆ, ನನ್ನ ಹೆಸರೂ ಇರಲಿ" ಎಂದು ಅವರು ಆ ದಿನ ಹೇಳಿದ್ದನ್ನು ನಾನು ಸಂತೋಷದಿಂದ ಬರೆದುಕೊಂಡಿದ್ದೇನೆ.

ಮಳೆಯಾದ ಮರುದಿನ ಅವರು ಸೈಟು ನೋಡಲು ಹೋದದ್ದನ್ನು ಸೊಸೆ ಹೇಳಿದರು. ಕೆಂಪು ಬಣ್ಣದಲ್ಲಿ ನಂಬರು ಬರೆದ ಕಲ್ಲುಗಳ ನಡುವೆ ಅತ್ತೆ ಚಪ್ಪಲಿ ಕಳಚಿಟ್ಟು ನಡೆದರಂತೆ. 61ರ ಮೂಲೆಯಲ್ಲಿ ನಿಂತು, ಹಿಮ್ಮಡಿಯಿಂದ ಒತ್ತಿ, ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಹಿಸುಕಿ, ಇದು ಇಲ್ಲಿಯ ಮಣ್ಣಲ್ಲ, ತಂದು ಸುರಿದದ್ದು, ಆಚೆ ಜೊಂಡು ಬೆಳೆದಿದೆ ನೋಡು, ನೀರು ಇಳಿದು ಬರುವುದು ಇಲ್ಲಿಗೇ ಎಂದರಂತೆ. ಆಮೇಲೆ ಎಂಜಿನಿಯರ್ ಗುಂಡಿ ತೆಗೆಸಿ ನೋಡಿದಾಗ ನಾಲ್ಕಡಿಯವರೆಗೆ ತುಂಬಿದ ಮಣ್ಣು, ಅದರ ಕೆಳಗೆ ಎರೆಮಣ್ಣು. ಎರೆಮಣ್ಣು ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಪಾಯ ಇನ್ನೂ ಆಳಕ್ಕೆ ಹೋಗಬೇಕು, ಖರ್ಚು ಏರುತ್ತದೆ ಎಂದರು. ಮನೆಯಲ್ಲಿ ಐವತ್ತು ವರ್ಷ ಮಣ್ಣು ನೀರು ನೋಡಿದವರೊಬ್ಬರಿದ್ದರು. ಸೈಟಿನ ಗುಣ ಕೇಳಲು ಮಗ ಊರಿನವರನ್ನೆಲ್ಲ ಕೇಳಿ, ಅವರೊಬ್ಬರನ್ನು ಬಿಟ್ಟಿದ್ದರು. ಓದುಗರು ಇದನ್ನು ಹಿರಿಯರ ಮಾತು ಸುಳ್ಳಾಗದೆಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬಾರದು. 61ರ ಮಣ್ಣು ಗಟ್ಟಿ ಗರಸೇ ಆಗಿದ್ದರೂ ನನ್ನ ಸಲಹೆ ಬದಲಾಗುತ್ತಿರಲಿಲ್ಲ.

ಅವರು 112ನ್ನು ಕೊಂಡರು, ಮೂವರ ಹೆಸರಿನಲ್ಲಿ. ಮಗನ ನಿದ್ದೆ ಮರಳಿದೆ, ಪೂರ್ತಿಯಾಗಿ ಅಲ್ಲ; 61 ಮಾರಾಟವಾಯಿತೇ ಎಂದು ಏಜೆಂಟನಿಗೆ ಎರಡು ಸಲ ಫೋನ್ ಮಾಡಿದ್ದನ್ನು ಅವರೇ ಒಪ್ಪಿಕೊಂಡರು. ಹಾಗೆ ಕೇಳುವುದು ಸಹಜ, ಮೂರನೆಯ ಸಲ ಕೇಳಬೇಕೆನಿಸಿದಾಗ ಮೊದಲು ನನಗೆ ತಿಳಿಸಿ ಎಂದಿದ್ದೇನೆ.

ಇದನ್ನು ಬರೆಯಲು ಕಾರಣವಾದದ್ದು ಬೇರೊಂದು. ನೋಂದಣಿಗೆ ಒಂದು ವಾರವಿರುವಾಗ ತಾಯಿ ಸೊಸೆಯ ಫೋನಿನಿಂದ ಮಾತಾಡಿ, "ಮಗ್ಳಿಗೆ ಏನಂತ ಏಳ್ಲಿ ತಾಯಿ?" ಎಂದು ಕೇಳಿದರು. ಮದ್ದೂರಿನ ಕಡೆ ಮದುವೆಯಾಗಿರುವ ಮಗಳು. ಮೊದಲ ದಿನ ನಾನೇ ತುಂಬಿದ ವಿವರಗಳ ಹಾಳೆಯಲ್ಲಿ ಆಕೆಯ ಬಗ್ಗೆ ಒಂದು ಸಾಲು ಇತ್ತು, ಅದನ್ನು ಬರೆದು ಮುಂದೆ ಹೋಗಿದ್ದೆ. ತಾಯಿಯ ಮುಖವನ್ನು ಯಾರೂ ನೋಡಲಿಲ್ಲವೆಂದು ಮರುಗಿದ ನಾನು, ತವರಿನಿಂದ ಬಂದ ಗದ್ದೆ ತಾಯಿಯಿಂದ ಮಗಳಿಗೆ ಬಂದೀತೆಂದು ಕಾದಿರಬಹುದಾದ ಹೆಣ್ಣೊಬ್ಬಳಿದ್ದಾಳೆಂದು ಐದು ಭೇಟಿಗಳಲ್ಲಿ ಒಮ್ಮೆಯೂ ನೆನೆಯಲಿಲ್ಲ. ತಾಯಿ ಬದುಕಿರುವವರೆಗೆ ಆಕೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಕಾನೂನಿನ ಹಕ್ಕಿಲ್ಲ, ನಿಜ. ಆದರೆ ಕೇಳಿದ್ದು ಕಾನೂನಿನ ಪ್ರಶ್ನೆಯಾಗಿರಲಿಲ್ಲ. ನೋಂದಣಿಗೆ ಮುಂಚೆ ಮಗನೂ ನೀವೂ ಅಲ್ಲಿಗೇ ಹೋಗಿ, ಫೋನಿನಲ್ಲಿ ಬೇಡ, ಎದುರು ಕೂತು ಹೇಳಿ ಎಂದೆ.

ಹೋಗಿ ಬಂದರು. ಮಗಳು ಊಟ ಬಡಿಸಿ, ಸೈಟಿನ ವಿಷಯವನ್ನೆಲ್ಲ ಕೇಳಿಸಿಕೊಂಡು, ಏನೂ ಹೇಳಲಿಲ್ಲವಂತೆ. ಹೊರಡುವಾಗ ತಾಯಿಯ ಚೀಲಕ್ಕೆ ಎರಡು ತೆಂಗಿನಕಾಯಿ ಹಾಕಿದರಂತೆ. ಮುಂದಿನ ಭೇಟಿಗೆ ಆಕೆಯನ್ನೂ ಕರೆತನ್ನಿ ಎಂದಿದ್ದೇನೆ. ದಿನ ಇನ್ನೂ ಗೊತ್ತಾಗಿಲ್ಲ.