ಪೋಷಕರ ಮಾತಾ, ಮಕ್ಕಳ ಮಾತಾ?

ನಗರದ ಸರ್ಕಾರಿ ಪ್ರಾಥಮಿಕ ಶಾಲೆ ಬಗ್ಗೆ ಪೋಷಕರು ಒಂದು ಹೇಳುತ್ತಾರೆ, ಮಕ್ಕಳು ಇನ್ನೊಂದು, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ನಾನಾದರೆ ಮಕ್ಕಳನ್ನೇ ಜಾಸ್ತಿ ನಂಬುತ್ತೇನೆ. ಪೋಷಕರು ಶಾಲೆ ಬಗ್ಗೆ ಅಭಿಪ್ರಾಯ ಬರೆಯುವುದು ಸಿಟ್ಟು ಬಂದಾಗ, ಇಲ್ಲವೇ ತುಂಬಾ ಖುಷಿಯಾದಾಗ. ಮಿಕ್ಕವರು ಸುಮ್ನೆ ಇದ್ದುಬಿಡುತ್ತಾರೆ, ಅಲ್ವಾ?

ಆದರೆ ಮಕ್ಕಳನ್ನು ಕೇಳುವ ರೀತಿ ಬೇರೆ. ನನ್ನ ಮಗಳಿಗೆ 'ಶಾಲೆ ಹೇಗಿದೆ' ಅಂದರೆ 'ಚೆನ್ನಾಗಿದೆ', ಅಷ್ಟೇ. ನೀರಿನ ಬಾಟಲಿ ಯಾಕೆ ತುಂಬಿದ ಹಾಗೇ ವಾಪಸ್ ಬರುತ್ತೆ ಅಂತ ಕೇಳಿದಾಗ ಗೊತ್ತಾಯಿತು, ಶೌಚಾಲಯದ ಬಾಗಿಲಿಗೆ ಚಿಲಕವೇ ಇಲ್ಲ, ಅದಕ್ಕೇ ಅವಳು ನೀರು ಕುಡಿಯುತ್ತಿರಲಿಲ್ಲ. ಇದನ್ನು ಯಾವ ಪೋಷಕರೂ ಬರೆದಿರಲಿಲ್ಲ! ಅದೇ ಶಾಲೆಯ ಟೀಚರ್ ಅಂದರೆ ಅವಳಿಗೆ ಪ್ರಾಣ, ಅದೂ ಲೆಕ್ಕಕ್ಕಿರಲಿ.

ಅಭಿಪ್ರಾಯ ಯಾವಾಗ ಬರೆದದ್ದು ನೋಡಿ, ಮುಖ್ಯ ಶಿಕ್ಷಕರು ಬದಲಾಗಿದ್ದರೆ ಹಳೆಯದು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಗೇಟ್ ಹತ್ತಿರ ನಿಂತು ನೋಡಿ.