ಅಜ್ಜ ನೆಟ್ಟ ಹಲಸು, ತಮ್ಮನ ಪಾಲಿನ ಜಾಗ

ಪ್ರಶ್ನೆ: ನಮ್ಮ ಹಿತ್ತಿಲಿನಲ್ಲಿ ಅಜ್ಜ ನೆಟ್ಟ ಬಕ್ಕೆ (ಗಟ್ಟಿ ತೊಳೆಯ) ಹಲಸಿನ ಮರವಿದೆ. ಅದರ ಬುಡದಲ್ಲಿ ಪೊಟರೆ ಬಿದ್ದಿದೆ. ಮನೆ ಪಾಲಾದಾಗ ಆ ಜಾಗ ತಮ್ಮನಿಗೆ ಬಂದಿದ್ದು, ಮನೆ ಕಟ್ಟಲು ಮರ ಕಡಿಸಬೇಕೆಂದು ಅವನು ಹೇಳುತ್ತಿದ್ದಾನೆ. ಅಮ್ಮ ಮಾತ್ರ, ‘ಅತ್ತೆಯವರು ನನಗೆ ಹಪ್ಪಳ ಮಾಡಲು ಕಲಿಸಿದ್ದು ಇದೇ ಮರದ ಕಾಯಿಯಲ್ಲಿ, ನಾನಿರುವವರೆಗೆ ಕೊಡಲಿ ಹಾಕಬೇಡಿ’ ಎನ್ನುತ್ತಾರೆ. ಬೀಜ ಹಾಕಿ ಬೇರೆ ಕಡೆ ಗಿಡ ಬೆಳೆಸಿದರೆ ಸಾಲದೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಬೀಜದಿಂದ ಹಲಸು ಬೆಳೆಯುತ್ತದೆ, ಆದರೆ ನಿಮ್ಮ ಅಜ್ಜನ ಹಲಸು ಬರುತ್ತದೆನ್ನುವ ಭರವಸೆಯಿಲ್ಲ. ಹಲಸಿನಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿ ಬಿಡುವುದರಿಂದ ಅನ್ಯ ಮರದ ಪರಾಗ ಸೇರುವುದೇ ಹೆಚ್ಚು, ಹೀಗಾಗಿ ಬೀಜದ ಗಿಡ ತಾಯಿಮರದ ರುಚಿಯನ್ನಾಗಲಿ ತೊಳೆಯ ಗಟ್ಟಿತನವನ್ನಾಗಲಿ ಉಳಿಸಿಕೊಳ್ಳದೆ ಹೋಗಬಹುದು. ಹಪ್ಪಳಕ್ಕೆ ಇಂಥದೇ ಮರದ ಕಾಯಿ ಬೇಕೆಂದು ಹಿರಿಯರು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಮೊದಲು ಕಸಿ ಕಟ್ಟಿಸಿ. ಸಮೀಪದ ತೋಟಗಾರಿಕೆ ಇಲಾಖೆಯ ಅಥವಾ ನಂಬಿಕೆಯ ಖಾಸಗಿ ನರ್ಸರಿಯವರನ್ನು ಕರೆತಂದು, ಬಲಿತ ಕುಡಿಗಳನ್ನು ಅವರಿಂದಲೇ ಆರಿಸಿ ತೆಗೆಸಿ. ಒಂದೇ ಗಿಡಕ್ಕೆ ತೃಪ್ತಿಪಡಬೇಡಿ, ಎಲ್ಲ ಕಸಿಗಳೂ ಹಿಡಿಯುವುದಿಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರಿದ್ದರೆ ಅವರ ತೋಟಕ್ಕೂ ಒಂದೊಂದು ಕೊಡಿ.

ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ಎಸ್.ಕೆ. ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರದ ಕೆಂಪು ತೊಳೆಯ ಗುಣವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, ಅದಕ್ಕೆ ಅವರ ಹೆಸರಿನಲ್ಲೇ ‘ಸಿದ್ದು’ ಎಂದು ಕರೆಯಿತು. ಅವರ ಮಗ ಪರಮೇಶ ಅವರೊಂದಿಗೆ ಒಪ್ಪಂದ ಮಾಡಿಕೊಂಡು, ಕಸಿ ಗಿಡಗಳ ಮಾರಾಟದ ಹಣದಲ್ಲಿ ಶೇ 75ರಷ್ಟು ಪಾಲು ಅವರಿಗೆ ಸಲ್ಲುವಂತೆ ಮಾಡಿತು. ನಿಮ್ಮ ಮರದಿಂದ ಹಣ ಬರುತ್ತದೆಂದು ಇದನ್ನು ಹೇಳುತ್ತಿಲ್ಲ. ತಂದೆ ನೆಟ್ಟ ಒಂದೇ ಮರ ಕಸಿಯಿಂದ ಎಷ್ಟೋ ಊರುಗಳ ತೋಟ ಸೇರಬಲ್ಲದು ಎಂಬುದನ್ನು ನಿಮ್ಮ ತಮ್ಮನಿಗೂ ತೋರಿಸಿ.

ಆದರೂ ಕಸಿ ಉಳಿಸುವುದು ಹಣ್ಣನ್ನು. ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಅತ್ತೆಯೊಡನೆ ಕುಳಿತು ಕಳೆದ ಬೇಸಿಗೆಗಳು ಆ ಹಳೆಯ ಮರದ ಬುಡದಲ್ಲಿವೆ, ಅವನ್ನು ಯಾವ ನರ್ಸರಿಯೂ ಕಟ್ಟಿಕೊಡಲಾರದು. ಸ್ವಂತ ಸೂರು ಬೇಕೆನ್ನುವ ತಮ್ಮನದೂ ತಪ್ಪಲ್ಲವಾದ್ದರಿಂದ, ಮನೆಯ ನಕ್ಷೆಯನ್ನು ಕೆಲವು ಅಡಿ ಸರಿಸಲು ಸಾಧ್ಯವೇ ಎಂದು ಮೇಸ್ತ್ರಿಯನ್ನು ಕೇಳಿ. ಅನೇಕ ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಯೇ ಇರುವುದಿಲ್ಲ. ಪೊಟರೆ ಬಿದ್ದಿದೆ ಎಂದ ಮಾತ್ರಕ್ಕೆ ಮರ ಸತ್ತಿದೆ ಎಂದಲ್ಲ. ನೀರನ್ನು ಮೇಲಕ್ಕೊಯ್ಯುವುದು ತೊಗಟೆಗೆ ಸಮೀಪದ ಹೊರಪದರ, ಒಳಗಿನ ಕೆಚ್ಚಲ್ಲ. ಆದರೆ ಮರ ವಾಲಿದ್ದರೆ, ಬುಡದ ಮಣ್ಣು ಬಿರಿದಿದ್ದರೆ ಅದರ ಕೆಳಗೆ ಯಾರೂ ಮಲಗುವಂತಿಲ್ಲ. ಬಲ್ಲವರಿಂದ ಪರೀಕ್ಷೆ ಮಾಡಿಸಿ.

ಕಡಿಯಲೇಬೇಕಾದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ಕಡಿಯಲು ಕೆಲವು ಜಾತಿಯ ಮರಗಳಿಗಷ್ಟೇ ವಿನಾಯಿತಿಯಿರುವುದರಿಂದ, ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಕಸಿ ಗಿಡಗಳು ಚಿಗುರುವ ತನಕ ಆ ಕೆಲಸಕ್ಕೆ ಕೈ ಹಾಕಬೇಡಿ. ನಾಟಾ ಮಾರದೆ ತಮ್ಮನ ಹೊಸ ಮನೆಯ ಮುಂಬಾಗಿಲಿಗೆ ಬಳಸುವುದಾದರೆ, ಆ ಮಾತನ್ನು ತಮ್ಮನೇ ಅಮ್ಮನ ಬಳಿ ಹೋಗಿ ಹೇಳಲಿ.