ಬರೀ ಹುಲ್ಲೆಂದವರಿಗೆ ಬೇರನ್ನೂ ತೋರಿಸಿ

ಓದುಗರ ಪತ್ರದ ಸಾರ: ಅಮೆರಿಕದ ಇಲಿನಾಯ್ ರಾಜ್ಯದಲ್ಲಿದ್ದೇವೆ. ಅಕ್ಟೋಬರ್ ಕೊನೆಗೆ ನಮ್ಮೂರ ಲೈಬ್ರರಿಯಲ್ಲಿ ಪ್ರೇರಿ ಹುಲ್ಲುಗಾವಲಿನ ಬಗ್ಗೆ ಕಲಾಪ್ರದರ್ಶನವಿದೆ. ಕನ್ನಡ ಕೂಟದ ಮಕ್ಕಳನ್ನು ಸೇರಿಸಿಕೊಂಡು, ದ್ರಾವಣ ಬಳಿದ ಬಟ್ಟೆಯ ಮೇಲೆ ಹುಲ್ಲಿಟ್ಟು ಬಿಸಿಲಿನಲ್ಲಿ ಸಯನೋಟೈಪ್ ಅಚ್ಚು (ಬಿಸಿಲು ತಾಗಿದ್ದು ನೀಲಿಯಾಗಿ, ಹುಲ್ಲು ಮುಚ್ಚಿದ್ದು ಬಿಳಿಯಾಗಿ ಉಳಿಯುವ ಅಚ್ಚು) ತೆಗೆದೆವು. ಅಂಚುಗಳೆಲ್ಲ ಮಸುಕಾದವು, ಕಡುನೀಲಿ ಬರಬೇಕಾದಲ್ಲಿ ಬೂದುಬಣ್ಣ ಬಂತು. ನೋಡಿದವರೊಬ್ಬರು ‘ಬರೀ ಹುಲ್ಲು, ನಾಲ್ಕು ಹೂವಾದರೂ ಇಡಿ’ ಅಂದರು. ಎಲ್ಲಿ ತಪ್ಪಿದ್ದೇವೆ?

ಸಂಪಾದಕರ ಉತ್ತರ:

ಮೊದಲು ಹೂವಿನ ವಿಚಾರ. ಬೇಡ. ಹೂವಿಟ್ಟರೆ ಅದು ಹೂದೋಟದ ಚಿತ್ರವಾಗುತ್ತದೆ. ಹೂದೋಟಕ್ಕೆ ಅಲ್ಲಿ ಯಾವ ಕುತ್ತೂ ಬಂದಿಲ್ಲ. ಕುತ್ತು ಬಂದಿರುವುದು ಹುಲ್ಲಿಗೆ. ‘ಪ್ರೇರಿ ರಾಜ್ಯ’ ಎಂದೇ ಕರೆಸಿಕೊಳ್ಳುವ ಇಲಿನಾಯ್‌ನಲ್ಲಿ ಒಂದು ಕಾಲಕ್ಕೆ ಸುಮಾರು 2 ಕೋಟಿ 20 ಲಕ್ಷ ಎಕರೆ ಹುಲ್ಲುಗಾವಲಿತ್ತು. ಅದರಲ್ಲಿ ಕೆಡದೆ ಉಳಿದದ್ದು ಎರಡೂವರೆ ಸಾವಿರ ಎಕರೆಯ ಆಸುಪಾಸು, ಅಂದರೆ ಹತ್ತು ಸಾವಿರಕ್ಕೆ ಒಂದು ಪಾಲು. ಆ ಕಪ್ಪುಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಂಡು ಉಳುವವರನ್ನು ಸತಾಯಿಸುತ್ತಿತ್ತು. 1837ರಲ್ಲಿ ಅದೇ ರಾಜ್ಯದ ಕಮ್ಮಾರ ಜಾನ್ ಡಿಯರ್ ಮಣ್ಣು ಮೆತ್ತದ ನುಣುಪು ಉಕ್ಕಿನ ನೇಗಿಲು ಮಾಡಿದ. ಆಮೇಲೆ ಹುಲ್ಲಿದ್ದಲ್ಲಿ ಮುಸುಕಿನ ಜೋಳ, ಸೋಯಾ ಬಂದವು. ಇಂದು ಹಳೆಯ ಪ್ರೇರಿಯ ತುಣುಕುಗಳು ಸಿಗುವುದು ರೈಲುಹಳಿಯ ಪಕ್ಕದಲ್ಲಿ, ಇಲ್ಲವೇ ಮೊದಲ ವಲಸಿಗರ ಹಳೆಯ ಸ್ಮಶಾನಗಳಲ್ಲಿ. ಗೋರಿಗಳ ನಡುವೆ ಯಾರೂ ನೇಗಿಲು ಹೂಡಲಿಲ್ಲ, ಅದಕ್ಕೆ ಉಳಿಯಿತು.

‘ಬರೀ ಹುಲ್ಲು’ ಅಂದವರ ಬಾಯಿ ಕಟ್ಟಿಸುವುದು ಅಳತೆ. ಅಲ್ಲಿನ ಹುಲ್ಲುಗಳ ಯಜಮಾನ ಬಿಗ್ ಬ್ಲೂಸ್ಟೆಮ್ ಆಳೆತ್ತರ ಮೀರಿ ಎರಡು ಮೀಟರ್ ಬೆಳೆಯುತ್ತದೆ; ತುದಿಯಲ್ಲಿ ಟರ್ಕಿ ಕೋಳಿಯ ಪಾದದಂತೆ ಮೂರು ಕವಲಿನ ತೆನೆ. ಅದರ ಬೇರು ಮಣ್ಣಿನೊಳಗೆ ಇನ್ನೂ ಎರಡು ಮೀಟರಿಗಿಂತ ಆಳಕ್ಕೆ ಇಳಿಯುತ್ತದೆ. ಇದನ್ನು ಎ4 ಹಾಳೆಯಷ್ಟು ಬಟ್ಟೆಯಲ್ಲಿ ಬಗ್ಗಿಸಿ ಕೂರಿಸಿದರೆ ದಾರಿಬದಿಯ ಗರಿಕೆಗೂ ಇದಕ್ಕೂ ವ್ಯತ್ಯಾಸ ಕಾಣುವುದಾದರೂ ಹೇಗೆ? ಇದ್ದ ಉದ್ದಕ್ಕೇ ಅಚ್ಚು ತೆಗೆಯಿರಿ. 60 ಸೆಂ.ಮೀ. ಅಗಲ, 2.3 ಮೀಟರ್ ಉದ್ದದ ಎರಡು ಬಟ್ಟೆ ಸಾಕು. ಒಂದರಲ್ಲಿ ನೆಲದ ಮೇಲಿನದು, ಇನ್ನೊಂದರಲ್ಲಿ ಕೆಳಗಿನದು. ಮೊದಲನೆಯದನ್ನು ಗೋಡೆಗೆ ತೂಗುಹಾಕಿ, ಎರಡನೆಯದನ್ನು ಅದರ ಬುಡದಿಂದ ನೆಲದ ಮೇಲೆ ಮುಂದಕ್ಕೆ ಹಾಸಿ. ನೋಡಲು ಬಂದವರು ಬೇರನ್ನು ಸುತ್ತಿಕೊಂಡೇ ಹೋಗಬೇಕಾಗುತ್ತದೆ.

ಬೇರಿಗಾಗಿ ಯಾವ ಗಿಡವನ್ನೂ ಅಗೆಯಬೇಡಿ. ಬಿಗ್ ಬ್ಲೂಸ್ಟೆಮ್‌ನದು ತಾಯಿಬೇರಲ್ಲ, ನಮ್ಮ ಲಾವಂಚದಂತೆ ಎಳೆ ಎಳೆಯಾದ ತಂತುಬೇರು. ಲಾವಂಚ, ಕಬ್ಬು, ಜೋಳ, ಬಿಗ್ ಬ್ಲೂಸ್ಟೆಮ್ ಎಲ್ಲ ಹುಲ್ಲಿನ ಕುಟುಂಬದ ಒಂದೇ ಪಂಗಡದವು. ಪ್ರೇರಿಯ ಇನ್ನೊಂದು ದೊಡ್ಡ ಹುಲ್ಲಾದ ಇಂಡಿಯನ್ ಗ್ರಾಸ್‌ನ ಶಾಸ್ತ್ರೀಯ ಹೆಸರು ಸೋರ್ಗ್ಯಾಸ್ಟ್ರಮ್. ‘ಜೋಳವನ್ನು ಹೋಲುವುದು’ ಎಂಬರ್ಥದ್ದು. ಉತ್ತರ ಕರ್ನಾಟಕದ ಅಜ್ಜಿಯಿರುವ ಮಕ್ಕಳಿಗೆ ಇದನ್ನು ಹೇಳಿ, ಕಣ್ಣರಳಿಸುತ್ತಾರೆ. ಹಾಗಾಗಿ ಬೇರಿನ ಅಚ್ಚಿಗೆ ಒಣಗಿದ ಲಾವಂಚದ ಎಳೆಗಳನ್ನೇ ಬಳಸಿ. ಬುಡದಲ್ಲಿ ದಟ್ಟವಾಗಿ, ಕೆಳಗಿಳಿದಂತೆ ತೆಳುವಾಗಿ, ಒಂದರ ತುದಿಯ ಮೇಲೆ ಇನ್ನೊಂದರ ತಲೆ ಬರುವಂತೆ ಜೋಡಿಸಿ. ಒದ್ದೆ ಲಾವಂಚ ಕಂದು ಕಲೆ ಬಿಡುತ್ತದೆ, ಚೆನ್ನಾಗಿ ಒಣಗಿರಲಿ. ಸಿಗದಿದ್ದರೆ ಸೆಣಬಿನ ಹಗ್ಗ ಬಿಚ್ಚಿ ನಾರು ಕೆದರಿಕೊಳ್ಳಿ. ಪಕ್ಕದ ಚೀಟಿಯಲ್ಲಿ ಮಾತ್ರ ಬೇರಿಗೆ ಬಳಸಿದ್ದು ಏನೆಂದು ಮುಚ್ಚಿಡದೆ ಬರೆಯಿರಿ.

ಈಗ ಮಸುಕಿನ ಕಾಯಿಲೆ. ಹುಲ್ಲಿನ ಕಡ್ಡಿ ದುಂಡಗೆ, ಗಿಣ್ಣು ಇನ್ನೂ ದಪ್ಪ, ತೆನೆಯಂತೂ ಬಟ್ಟೆಗೆ ತಾಗದೆ ಮೇಲೆದ್ದಿರುತ್ತದೆ. ಆ ಸಂದಿನಲ್ಲಿ ಬೆಳಕು ನುಸುಳಿದ್ದರಿಂದಲೇ ಅಂಚು ಹೋಯಿತು. ಹುಲ್ಲನ್ನು ಹಳೆಯ ಪತ್ರಿಕೆಗಳ ನಡುವೆ ಭಾರ ಹೇರಿ ಒಂದು ವಾರ ಒತ್ತಿಡಿ. ಮೊದಲ ಮೂರು ದಿನ ಕಾಗದ ಬದಲಿಸಿ. ಕಡ್ಡಿಯ ಹಿಂಬದಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಚಪ್ಪಟೆಯಾಗಿ ಕೂರುತ್ತದೆ. ಕಟ್ಟಡದ ಸಾಮಾನಿನ ಅಂಗಡಿಯಲ್ಲಿ ಸಿಗುವ 4 ಅಡಿ, 8 ಅಡಿಯ ಫೋಮ್ ಹಲಗೆಯನ್ನು ಉದ್ದಕ್ಕೆ ಎರಡು ಮಾಡಿಕೊಳ್ಳಿ. ಬಟ್ಟೆ ಹಾಸಿ, ಕಡ್ಡಿಯ ಎರಡೂ ಬದಿ ಹತ್ತು ಸೆಂ.ಮೀ.ಗೊಂದರಂತೆ ಸಣ್ಣ ಗುಂಡುಸೂಜಿಗಳನ್ನು ಅದರ ಮೇಲೆ ಬಾಗಿಸಿ ಚುಚ್ಚಿ. ಗಾಜು ತೆನೆಯ ಮೇಲೆ ಮಾತ್ರ ಸಾಕು. ಗಾಜಿನ ಬದಲು ಚಿತ್ರದ ಫ್ರೇಮಿಗೆ ಹಾಕುವ ಅಕ್ರಿಲಿಕ್ ಇಟ್ಟೀರಿ, ಜೋಕೆ: ಅದರಲ್ಲಿ ಹಲವು ನೇರಳಾತೀತ ಕಿರಣ ತಡೆಯಲೆಂದೇ ಮಾಡಿದವು. ಸಯನೋಟೈಪ್ ನಡೆಯುವುದೇ ಆ ಕಿರಣದಿಂದ.

ಬೂದುಬಣ್ಣಕ್ಕೆ ಎರಡು ಕಾರಣವಿರಬಹುದು. ತೊಳೆಯುವಾಗ ನೀರಿನಲ್ಲಿ ಕಡುನೀಲಿ ಹರಿದುಹೋಗಿದ್ದರೆ ಬಿಸಿಲು ಸಾಲಲಿಲ್ಲ ಎಂದರ್ಥ. ಮೊದಲು ಚೆನ್ನಾಗಿ ಬಂದ ನೀಲಿ ಆಮೇಲೆ ಕಂದಿ ಹಳದಿಗೆ ತಿರುಗಿದ್ದರೆ ಕ್ಷಾರದ ಕೆಲಸ.

ಬಿಸಿಲಿನ ಲೆಕ್ಕ ನೋಡಿ. ಷಿಕಾಗೋ ಕಡೆ ಜೂನ್ ಮಧ್ಯಾಹ್ನ 71 ಡಿಗ್ರಿ ಎತ್ತರದಲ್ಲಿರುವ ಸೂರ್ಯ ಅಕ್ಟೋಬರ್ ನಡುವಿಗೆ 40 ಡಿಗ್ರಿಗೆ ಇಳಿದಿರುತ್ತಾನೆ. ಬೇಸಿಗೆಯ ಹತ್ತು-ಹದಿನೈದು ನಿಮಿಷ ಈಗ ನಡೆಯದು, ಅರ್ಧ ಗಂಟೆ ಬೇಕಾದೀತು. ಹಲಗೆಯನ್ನು ನೆಲಕ್ಕೆ ಹಾಸದೆ ದಕ್ಷಿಣಕ್ಕೆ ಮುಖಮಾಡಿ ಗೋಡೆಗೆ ಒರಗಿಸಿ. ಹಲಗೆಗೆ ನೇರವಾಗಿ ಪೆನ್ಸಿಲ್ ಹಿಡಿದಾಗ ನೆರಳು ಬೀಳದಿದ್ದರೆ ಓರೆ ಸರಿಯಿದೆ. (ಗಾಜು ಜಾರದಂತೆ ಕೆಳಗೆರಡು ಮೊಳೆ.) ಗಡಿಯಾರಕ್ಕಿಂತ ಬಣ್ಣವನ್ನು ನಂಬಿ: ಹಳದಿ-ಹಸಿರು ಬಟ್ಟೆ ಮೊದಲು ನೀಲಿಯಾಗುತ್ತದೆ, ಆಮೇಲೆ ಮಂಕು ಕಂಚಿನ ಬೂದಿಗೆ ತಿರುಗುತ್ತದೆ. ಅಲ್ಲಿಯವರೆಗೆ ತೆಗೆಯಬೇಡಿ. ಹೆಚ್ಚಿನವರು ನೀಲಿ ಕಂಡ ಕೂಡಲೇ ಎತ್ತಿ ಕೆಡಿಸುತ್ತಾರೆ.

ದ್ರಾವಣ ಹೀಗೆ: ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ನೀರು ಸೇರಿ ಒಟ್ಟು 100 ಮಿ.ಲೀ.; ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಅದೂ 100 ಮಿ.ಲೀ. ಬೇರೆ ಬೇರೆ ಕಂದು ಸೀಸೆಯಲ್ಲಿಡಿ, ಬಳಸುವ ಹೊತ್ತಿಗೆ ಸಮಸಮ ಬೆರೆಸಿ. ಮೊದಲನೆಯದಕ್ಕೆ ಬೂಸ್ಟು ಬಂದರೆ ಸೋಸಿಕೊಳ್ಳಿ. ಪುಡಿ ತೂಗುವುದು, ಬಳಿಯುವುದು ಕೈಗವಸು ಹಾಕಿದ ದೊಡ್ಡವರ ಕೆಲಸ. ಹುಲ್ಲು ಜೋಡಿಸುವುದು ಮಕ್ಕಳದು. ಚದರ ಮೀಟರಿಗೆ 120 ಗ್ರಾಂ ತೂಗುವ ಹತ್ತಿ ಬಟ್ಟೆಯಾದರೆ ಈ 200 ಮಿ.ಲೀ. ಒಂದು ಬಟ್ಟೆಗೆ ಆಗುತ್ತದೆ. ಹೊಸ ಬಟ್ಟೆಯ ಗಂಜಿ ಹೋಗಲು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಒಗೆದು, ಸೋಡಾ ಒಂದಿಷ್ಟೂ ಉಳಿಯದಂತೆ ಜಾಲಿಸಿ. ದ್ರಾವಣ ಬಳಿದ ಮೇಲೆ ಕತ್ತಲ ಕೋಣೆಯಲ್ಲಿ ಪ್ಲಾಸ್ಟಿಕ್ ಮೇಲೆ ಹರಡಿ ಒಣಗಿಸಿ. ನೇತುಹಾಕಿದರೆ ದ್ರಾವಣವೆಲ್ಲ ಕೆಳಗಿಳಿದು ಪಟ್ಟೆ ಮೂಡುತ್ತದೆ.

ಅಚ್ಚು ತೊಳೆಯುವ ಮೊದಲ ಬಕೆಟ್‌ಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿ. ನಿಮ್ಮ ಕಡೆ ಗಡಸು ನೀರು ಸಾಮಾನ್ಯ, ಆ ಕ್ಷಾರ ನೀಲಿಯನ್ನು ತಿನ್ನುತ್ತದೆ. ಆಮೇಲೆ ಬರೀ ನೀರಿನಲ್ಲಿ, ಬಿಳಿ ಜಾಗದಲ್ಲಿ ಹಳದಿ ಉಳಿಯದಂತೆ ಹದಿನೈದು ನಿಮಿಷ. ನೀಲಿ ಒಂದು ದಿನದಲ್ಲಿ ತಾನಾಗಿ ಗಾಢವಾಗುತ್ತದೆ.

ಹುಲ್ಲು ಎಲ್ಲಿಂದ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಮಿಡೆವಿನ್‌ನಂಥ ರಕ್ಷಿತ ಹುಲ್ಲುಗಾವಲಿನಿಂದ ಅನುಮತಿಯಿಲ್ಲದೆ ಒಂದು ಕಡ್ಡಿಯೂ ಬೇಡ, ಆ ಸ್ಮಶಾನದ ತುಣುಕುಗಳಿಂದಂತೂ ಬೇಡವೇ ಬೇಡ. ಊರಿನ ಎಷ್ಟೋ ಮನೆಗಳ ಅಂಗಳದಲ್ಲೇ ಬಿಗ್ ಬ್ಲೂಸ್ಟೆಮ್ ಇದೆ, ಕೇಳಿ ಪಡೆಯಿರಿ. ಕೊಯ್ಯುವಾಗ ತೆನೆಯನ್ನು ಒಮ್ಮೆ ಬುಡದಲ್ಲೇ ಒದರಿಬಿಡಿ. ಬೀಜ ಅಲ್ಲೇ ಉಳಿಯುತ್ತದೆ, ಬೀಜ ಉದುರಿದ ತೆನೆ ಬಟ್ಟೆಯ ಮೇಲೆ ಇನ್ನೂ ಚೆನ್ನಾಗಿ ಕೂರುತ್ತದೆ.

ತೂಗುಹಾಕುವಾಗ ಕಿಟಕಿಯ ಬಿಸಿಲು ನೇರ ಬೀಳದಿರಲಿ. ಸ್ವಲ್ಪ ಕಂದಿದರೆ ಗಾಬರಿ ಬೇಡ, ಕೆಲವು ದಿನ ಕತ್ತಲಲ್ಲಿಟ್ಟರೆ ಬಹುಪಾಲು ನೀಲಿ ಮರಳುತ್ತದೆ. ಡಿಟರ್ಜೆಂಟ್ ಮಾತ್ರ ತಾಗಿಸಬೇಡಿ. ಅದರಿಂದ ಹೋದ ಬಣ್ಣ ಕತ್ತಲಲ್ಲಿಟ್ಟರೂ ಬಾರದು.